ಇಪ್ಪತ್ತು ಮೀಟರಿನ ಲೆಕ್ಕ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ದಂಪತಿಗಳು ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗನಿಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ನಾನು ಹಿಂದೊಮ್ಮೆ ಅಲ್ಲಿ ಓದಿ ಬಂದವನಾದ್ದರಿಂದ ನಾಲ್ಕು ಮಾತು ಕೇಳಿಕೊಂಡು ಹೋಗೋಣವೆಂದು ಬಂದಿದ್ದರು. ಚಳಿಗೆ ಎಂಥ ಕೋಟು ಬೇಕು, ಸೋನಾಮಸೂರಿ ಸಿಗುತ್ತದೆಯೇ, ಕುಕ್ಕರ್ ಇಲ್ಲಿಂದಲೇ ಒಯ್ಯಬೇಕೇ ಎಂಬ ಪ್ರಶ್ನೆಗಳೆಲ್ಲ ಮುಗಿದವು. ಕಾಫಿ ಲೋಟ ಕೆಳಗಿಟ್ಟ ಮೇಲೆ ಹುಡುಗನ ತಂದೆ ದನಿ ತುಸು ತಗ್ಗಿಸಿದರು.

"ಸರ್, ಓದೋ ಹುಡುಗರು ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದಂತೆ. ಆದರೆ ಬೇರೆಯವರ ಹೆಸರಿನಲ್ಲಿ ಇನ್ನಷ್ಟು ಮಾಡೋದಕ್ಕೆ ದಾರಿ ಇದೆಯಂತಲ್ಲ? ಎಲ್ಲರೂ ಮಾಡ್ತಾರೆ ಅಂತಾರೆ. ಸಾಲದ ಕಂತು ನೋಡಿದ್ರೆ ಎದೆ ಝಲ್ಲನ್ನುತ್ತೆ, ಅದಕ್ಕೇ ಕೇಳಿದೆ."

ಅವರು ಕೆಟ್ಟವರಲ್ಲ. ಹೊಲ ಅಡವಿಟ್ಟು ಮಗನನ್ನು ಓದಿಸಹೊರಟ ತಂದೆ. ಹುಡುಗ ನೆಲ ನೋಡುತ್ತಿದ್ದ. ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಮಾಡಬಹುದು ಎನ್ನುವುದಕ್ಕೂ ಮಾಡಬಾರದು ಎಂದು ಉಪದೇಶ ಕೊಡುವುದಕ್ಕೂ ನನಗೆ ಬಾಯಿ ಬರಲಿಲ್ಲ. "ಒಂದು ಲಾರಿಯ ಕಥೆ ಹೇಳುತ್ತೇನೆ, ಕೇಳುವಷ್ಟು ಸಮಯವಿದೆಯೇ?" ಎಂದೆ. ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2012ರಲ್ಲಿ ನಾನು ಲೆಸ್ಟರ್ ನಗರದಲ್ಲಿ ಓದುತ್ತಿದ್ದೆ. ಅದು ಇಂಗ್ಲೆಂಡಿನ ನಡುಭಾಗ. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಎಂ-1 ಹೆದ್ದಾರಿ ಪಕ್ಕದಲ್ಲೇ ಹಾದುಹೋಗುತ್ತದೆ. ಬಂದರುಗಳಲ್ಲಿ ಇಳಿದ ಸರಕು ಈ ಸೀಮೆಗೆ ಬಂದು, ಊರಿನಷ್ಟು ದೊಡ್ಡ ಗೋದಾಮುಗಳಲ್ಲಿ ತಂಗಿ, ಇಲ್ಲಿಂದ ದೇಶದ ಮೂಲೆಮೂಲೆಗೆ ಹೊರಡುತ್ತದೆ. ಅಂಥದೊಂದು ಗೋದಾಮಿನ ಗೇಟಿನಲ್ಲಿ ನನಗೆ ರಾತ್ರಿಪಾಳಿಯ ಗುಮಾಸ್ತನ ಕೆಲಸ ಸಿಕ್ಕಿತು. ಶುಕ್ರವಾರ ರಾತ್ರಿ 10ರಿಂದ ಬೆಳಿಗ್ಗೆ 8, ಶನಿವಾರ ರಾತ್ರಿ 10ರಿಂದ ಬೆಳಿಗ್ಗೆ 8. ಹತ್ತು ಮತ್ತು ಹತ್ತು, ಇಪ್ಪತ್ತು. ವೀಸಾದ ಮಿತಿಗೆ ಅಳೆದು ಹೊಲಿಸಿದಂತಿತ್ತು.

ಕೆಲಸ ಕಷ್ಟದ್ದಲ್ಲ. ಬಂದ ಲಾರಿಯ ನಂಬರು ಬರೆದುಕೊಂಡು, ಯಾವ ಜಾಗಕ್ಕೆ ಹೋಗಬೇಕೆಂದು ಹೇಳಬೇಕು. ಸರಕು ಇಳಿಸುವಾಗ ಲಾರಿ ಅಕಸ್ಮಾತ್ ಮುಂದೆ ಹೋಗದಿರಲೆಂದು ಡ್ರೈವರಿನಿಂದ ಕೀಲಿ ಇಸಿದುಕೊಂಡು ಗೋಡೆಯ ಕೊಕ್ಕೆಗೆ ನೇತುಹಾಕಬೇಕು. ಖಾಲಿಯಾದ ಲಾರಿಯನ್ನು ಪಕ್ಕಕ್ಕೆ ಸರಿಸಿ ಇನ್ನೊಂದಕ್ಕೆ ಜಾಗ ಮಾಡಲು ಯಾರ್ಡಿನಲ್ಲೇ ಬೇರೆ ಚಾಲಕರಿರುತ್ತಾರೆ. ರೈಲು ನಿಲ್ದಾಣಗಳಲ್ಲಿ ಬೋಗಿಗಳನ್ನು ಹಿಂದೆ ಮುಂದೆ ಎಳೆದಾಡುವ ಶಂಟಿಂಗ್ ಇಂಜಿನ್ ನೋಡಿದ್ದೀರಲ್ಲ, ಅದೇ ಕೆಲಸ. ಇವರಿಗೂ ಶಂಟರ್ ಎಂದೇ ಹೆಸರು.

ನಮ್ಮ ಯಾರ್ಡಿನ ಶಂಟರ್ ಅರವತ್ತರ ಅಂಚಿನ ಗುಜರಾತಿ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಏಷ್ಯಾದವರನ್ನು ಹೊರಗಟ್ಟಿದಾಗ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದವರು. ನಲವತ್ತು ವರ್ಷಗಳ ಲಾರಿ ಅನುಭವ. ಬರುವ ಡ್ರೈವರುಗಳು ಏನು ತಿಂದಿದ್ದಾರೆ, ಎಷ್ಟು ದಣಿದಿದ್ದಾರೆ ಎಂಬುದನ್ನು ಅವರು ಲಾರಿಯ ತಿರುವು ನೋಡಿಯೇ ಹೇಳುತ್ತಿದ್ದರು.

ಕೆಲಸಕ್ಕೆ ಸೇರಿದ ಎರಡನೇ ವಾರ ನಾನೊಂದು ತಪ್ಪು ಮಾಡಿದೆ. ಅದು ನಿಮಗೆ ಅರ್ಥವಾಗಬೇಕಾದರೆ ಅಲ್ಲಿನ ಲಾರಿಯೊಳಗಿನ ಒಂದು ಯಂತ್ರದ ವಿಷಯ ಹೇಳಬೇಕು.

ಯುರೋಪಿನಲ್ಲಿ ಸರಕು ಸಾಗಿಸುವ ಲಾರಿ 3.5 ಟನ್ನಿಗಿಂತ ಹೆಚ್ಚಿನದಾದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಅದರಲ್ಲಿ ಟ್ಯಾಕೋಗ್ರಾಫ್ ಎಂಬ ಯಂತ್ರವಿರಲೇಬೇಕು. ಕಾರಿನ ರೇಡಿಯೋದಷ್ಟು ದೊಡ್ಡದು. ಲಾರಿ ಎಷ್ಟು ವೇಗದಲ್ಲಿ ಹೋಯಿತು, ಎಷ್ಟು ದೂರ ಹೋಯಿತು, ಡ್ರೈವರ್ ಯಾವಾಗ ಓಡಿಸಿದ, ಯಾವಾಗ ಸುಧಾರಿಸಿಕೊಂಡ ಎಂಬುದನ್ನೆಲ್ಲ ಅದು ದಾಖಲು ಮಾಡುತ್ತದೆ. ಮೊದಲು ಅದರೊಳಗೆ ಮೇಣ ಬಳಿದ ದುಂಡನೆಯ ಕಾಗದ ಇರುತ್ತಿತ್ತು. 24 ಗಂಟೆಗೆ ಒಂದು ಸುತ್ತು ತಿರುಗುವ ಆ ಕಾಗದದ ಮೇಲೆ ಸೂಜಿ ಗೆರೆ ಎಳೆಯುತ್ತಿತ್ತು. ಬ್ರಿಟನ್ನಿನ ಡ್ರೈವರುಗಳು ಇದನ್ನು 'ಕ್ಯಾಬಿನ್ನಿನೊಳಗಿನ ಗೂಢಚಾರ' ಎಂದು ಬೈದು ಬಹಳ ವಿರೋಧಿಸಿದರು. ಅಲ್ಲಿನ ಸರ್ಕಾರವೂ ಮೀನಮೇಷ ಎಣಿಸಿತು. ಕೊನೆಗೆ 1979ರಲ್ಲಿ ಯುರೋಪಿನ ನ್ಯಾಯಾಲಯವೇ ಬ್ರಿಟನ್ನಿನ ವಿರುದ್ಧ ತೀರ್ಪು ಕೊಡಬೇಕಾಯಿತು. 2006ರ ಮೇ ತಿಂಗಳಿನಿಂದ ಹೊಸ ಲಾರಿಗಳಿಗೆ ಕಾಗದ ಹೋಗಿ ಡಿಜಿಟಲ್ ಯಂತ್ರ ಬಂತು. ಜೊತೆಗೆ ಪ್ರತಿ ಡ್ರೈವರಿಗೂ ಭಾವಚಿತ್ರವಿರುವ ಒಂದು ಬಿಳಿ ಕಾರ್ಡು. ಒಬ್ಬನಿಗೆ ಒಂದೇ ಕಾರ್ಡು. ಇನ್ನೊಬ್ಬನ ಕಾರ್ಡು ಹಾಕಿ ಓಡಿಸಿದರೆ ಅಪರಾಧ.

ಯಂತ್ರದ ಪರದೆಯ ಮೇಲೆ ನಾಲ್ಕು ಗುರುತುಗಳು ಬರುತ್ತವೆ. ಸ್ಟಿಯರಿಂಗ್ ಚಕ್ರ ಎಂದರೆ ಓಡಿಸುತ್ತಿದ್ದಾನೆ. ಅಡ್ಡ ಇಟ್ಟ ಎರಡು ಸುತ್ತಿಗೆ ಎಂದರೆ ಬೇರೆ ಕೆಲಸ. ಓರೆಗೆರೆಯುಳ್ಳ ಚೌಕ ಎಂದರೆ ಕರೆಗಾಗಿ ಕಾಯುತ್ತಿದ್ದಾನೆ. ಮಂಚ ಎಂದರೆ ವಿಶ್ರಾಂತಿ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಬೇಕೇ ಬೇಕು. ಅದನ್ನು ಒಡೆದು ತೆಗೆದುಕೊಳ್ಳುವುದಾದರೆ ಮೊದಲು ಕನಿಷ್ಠ 15, ಆಮೇಲೆ ಕನಿಷ್ಠ 30. ದಿನಕ್ಕೆ ಓಡಿಸಬಹುದಾದದ್ದು 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10. ದಿನದ ವಿಶ್ರಾಂತಿ ಒಂದೇ ಸಮನೆ 11 ಗಂಟೆ. ಎರಡು ವಾರದ ರಜೆಗಳ ನಡುವೆ ಮೂರು ಸಲದವರೆಗೆ ಅದನ್ನು 9ಕ್ಕೆ ಇಳಿಸಬಹುದು. ಬ್ರಿಟನ್ 2020ರಲ್ಲಿ ಯುರೋಪಿನ ಒಕ್ಕೂಟದಿಂದ ಹೊರಬಂದರೂ ಈ ಲೆಕ್ಕವನ್ನು ಉಳಿಸಿಕೊಂಡಿತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಆ ರಾತ್ರಿ ಸ್ಕಾಟ್ಲೆಂಡಿನ ಡ್ರೈವರ್ ಒಬ್ಬ ನಾಲ್ಕು ಗಂಟೆಗೂ ಮೀರಿ ಓಡಿಸಿಕೊಂಡು ಬಂದ. ಲಾರಿಯನ್ನು ಇಳಿಸುವ ಕಟ್ಟೆಗೆ ಹಚ್ಚಿ, ಯಂತ್ರವನ್ನು ಮಂಚದ ಗುರುತಿಗೆ ತಿರುಗಿಸಿ, ಕೀಲಿ ನನಗೆ ಕೊಟ್ಟು, ಕ್ಯಾಂಟೀನಿಗೆ ಹೋದ. ಕಾರ್ಡು ಯಂತ್ರದೊಳಗೇ ಇತ್ತು. ಅಂದು ಕಾಕಾ ರಜೆ. ಅವರ ಬದಲು ಬಂದಿದ್ದ ಹುಡುಗ ಅವಸರದವನು. ಸರಕು ಬೇಗ ಇಳಿದುಬಿಟ್ಟಿತು. ನಾನು ಕೀಲಿ ತೆಗೆದುಕೊಟ್ಟೆ, ಅವನು ಲಾರಿಯನ್ನು 30 ಮೀಟರ್ ಮುಂದಕ್ಕೆ ತಂದು ನಿಲ್ಲಿಸಿ ಇಳಿದು ಹೋದ. ಕಾರ್ಡಿನ ಕಡೆ ಅವನೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ಚಕ್ರ ಉರುಳಿದೊಡನೆ ಯಂತ್ರ ತಾನಾಗಿಯೇ ಸ್ಟಿಯರಿಂಗ್ ಗುರುತಿಗೆ ಹೋಗುತ್ತದೆ. ನಿಂತೊಡನೆ ಸುತ್ತಿಗೆಗೆ ಬರುತ್ತದೆ. ಯಾರಾದರೂ ಒತ್ತಿದರಷ್ಟೇ ಮಂಚಕ್ಕೆ ಮರಳುತ್ತದೆ. ಐವತ್ತು ನಿಮಿಷ ಬಿಟ್ಟು ಊಟ ಮುಗಿಸಿ ಬಂದ ಡ್ರೈವರಿಗೆ ತನ್ನ ಕಾರ್ಡಿನಲ್ಲಿ ಕಂಡದ್ದು: 25 ನಿಮಿಷ ವಿಶ್ರಾಂತಿ, 2 ನಿಮಿಷ ಚಾಲನೆ, 23 ನಿಮಿಷ ಬೇರೆ ಕೆಲಸ. ಮನುಷ್ಯ ಕ್ಯಾಂಟೀನಿನಲ್ಲಿ ಕುಳಿತು ಸೂಪು ಕುಡಿಯುತ್ತಿದ್ದಾಗ ಕಾರ್ಡು ಅವನನ್ನು ಯಾರ್ಡಿನಲ್ಲಿ ದುಡಿಸುತ್ತಿತ್ತು!

ಅವನು ಯಂತ್ರದಿಂದ ಚೀಟಿ ಮುದ್ರಿಸಿಕೊಂಡು, ಹಿಂಬದಿಯಲ್ಲಿ ನಡೆದದ್ದನ್ನು ಬರೆದು ಸಹಿ ಹಾಕಿದ. ಹಾಗೆ ಬರೆದಿಡಲು ಅವಕಾಶವಿದೆ. ಆದರೆ ಬರೆದದ್ದು ವಿವರಣೆಯೇ ಹೊರತು ದಾಖಲೆಯನ್ನು ಅಳಿಸುವುದಿಲ್ಲ. ಅವನ ಕಚೇರಿಯವರು ಫೋನಿನಲ್ಲಿ, "ಯಾವುದಕ್ಕೂ ಇನ್ನೂ 30 ನಿಮಿಷ ನಿಲ್ಲು" ಎಂದರು. ಆ ಅರ್ಧ ಗಂಟೆಯಲ್ಲಿ ಮುಂದಿನ ಗೋದಾಮಿನಲ್ಲಿ ಅವನಿಗೆ ಕೊಟ್ಟಿದ್ದ ಹೊತ್ತು ತಪ್ಪಿತು. ಅಲ್ಲಿ ಕಾದ. ಕಾದದ್ದರಿಂದ ದಿನದ ಮಿತಿ ಮುಗಿಯಿತು. ಮನೆಗೆ 40 ಮೈಲಿ ಇರುವಾಗ ರಸ್ತೆ ಬದಿಯಲ್ಲಿ ಲಾರಿಯೊಳಗೇ ರಾತ್ರಿ ಕಳೆದನಂತೆ. ಮುಂದಿನ ವಾರ ಬಂದಾಗ ಬೈಯಲಿಲ್ಲ. ಕೀಲಿ ಕೊಡುವಾಗ ಕಾರ್ಡನ್ನು ನನ್ನ ಕಣ್ಣೆದುರು ಎತ್ತಿ ಹಿಡಿದು, ಶರ್ಟಿನ ಜೇಬಿಗೆ ಹಾಕಿ, ಜೇಬನ್ನು ಎರಡು ಸಲ ತಟ್ಟಿಕೊಂಡ. ಬೈದಿದ್ದರೆ ವಾಸಿಯಿತ್ತು.

ಅಂದಿನಿಂದ ಕಿಟಕಿಯ ಬಳಿ ಒಂದು ಚೀಟಿ ಅಂಟಿಸಿದೆ: 'ಕೀಲಿ ಇಲ್ಲಿಗೆ, ಕಾರ್ಡು ಜೇಬಿಗೆ.' ಕಾಕಾ ಓದಿ ನಕ್ಕು, ನನ್ನನ್ನು ಕೂರಿಸಿಕೊಂಡು ಯಾರ್ಡಿನ ನಿಯಮ ಹೇಳಿಕೊಟ್ಟರು.

ಸಾರ್ವಜನಿಕ ರಸ್ತೆಯನ್ನು ಮುಟ್ಟದೆ, ಬೇಲಿಯ ಒಳಗೇ ಓಡಾಡುವ ಶಂಟಿಂಗ್ ಗಾಡಿ ಈ ಕಾನೂನಿನ ವ್ಯಾಪ್ತಿಗೇ ಬರುವುದಿಲ್ಲ. ಆದ್ದರಿಂದ ಕಾಕಾ ದಿನವಿಡೀ ಟ್ರೈಲರುಗಳನ್ನು ಎಳೆದಾಡುತ್ತಿದ್ದ ಗಿಡ್ಡ ಗಾಡಿಗೆ ಕಾರ್ಡು ಬೇಕಿರಲಿಲ್ಲ. ರಸ್ತೆಯ ಲಾರಿಯೊಂದನ್ನು ಒಳಗೇ ಸರಿಸುವಾಗ ಡ್ರೈವರಿನ ಕಾರ್ಡು ಹೊರಗಿರಬೇಕು. ಯಂತ್ರವನ್ನು 'ಕಾನೂನಿನ ವ್ಯಾಪ್ತಿಯ ಹೊರಗೆ' ಎಂಬ ಗುರುತಿಗೆ ಇಟ್ಟು ಸರಿಸಬೇಕು. ಹಾಗೆ ಮಾಡದಿದ್ದರೆ 'ಕಾರ್ಡಿಲ್ಲದ ಚಾಲನೆ' ಎಂದು ಲಾರಿಯ ನೆನಪಿನಲ್ಲಿ ಕೂತುಬಿಡುತ್ತದೆ. ಆಗ ಕಾರ್ಡಿಗೆ 28 ದಿನಗಳ ನೆನಪಿದ್ದರೆ ಯಂತ್ರಕ್ಕೆ ಒಂದು ವರ್ಷದ ನೆನಪಿತ್ತು. ಕಂಪನಿಯವರು 90 ದಿನಗಳೊಳಗೆ ಒಮ್ಮೆ ಯಂತ್ರದ ಲೆಕ್ಕ ಇಳಿಸಿಕೊಳ್ಳಬೇಕು. ಆಗ ಹೆಸರಿಲ್ಲದ ಪ್ರತಿ ಚಲನೆಗೂ ಉತ್ತರ ಇರಬೇಕು. ಅದಕ್ಕಾಗಿ ನನ್ನ ಮೇಜಿನ ಮೇಲೆ ಒಂದು ಪುಸ್ತಕ ಇತ್ತು. ತಾರೀಖು, ಗಂಟೆ, ಲಾರಿ ನಂಬರು, ಸರಿಸಿದವರು ಯಾರು, ಎಲ್ಲಿಂದ ಎಲ್ಲಿಗೆ. ಹತ್ತು ಮೀಟರ್ ಸರಿಸಿದರೂ ಒಂದು ಸಾಲು.

ಇದರಲ್ಲಿ ಒಂದು ಸ್ವಾರಸ್ಯವಿತ್ತು. ನಮ್ಮ ಯಾರ್ಡು ಎರಡು ಭಾಗ. ನಡುವೆ ಊರವರು ಓಡಾಡುವ ಒಂದು ರಸ್ತೆ. ಈ ಗೇಟಿನಿಂದ ಆ ಗೇಟಿಗೆ 60 ಮೀಟರ್ ಇದ್ದೀತು. ಅಲ್ಲಿಗೆ ಟ್ರೈಲರ್ ಒಯ್ಯುವಾಗ ಮಾತ್ರ ಕಾಕಾ ತಮ್ಮ ಗಿಡ್ಡ ಗಾಡಿ ಬಿಟ್ಟು, ರಸ್ತೆಯ ಲಾರಿ ಹತ್ತಿ, ಜೇಬಿನಿಂದ ಕಾರ್ಡು ತೆಗೆದು ಯಂತ್ರಕ್ಕೆ ಹಾಕುತ್ತಿದ್ದರು. ಅದುವರೆಗೆ ಒಳಗೆ ಮಾಡಿದ ಶಂಟಿಂಗನ್ನೂ 'ಬೇರೆ ಕೆಲಸ' ಎಂದು, ಸುತ್ತಿಗೆಯ ಲೆಕ್ಕಕ್ಕೆ, ಗುಂಡಿ ಒತ್ತಿ ಒತ್ತಿ ಬರೆಯುತ್ತಿದ್ದರು. ರಸ್ತೆ ದಾಟಲು ಒಂದು ನಿಮಿಷ, ಬರೆಯಲು ಐದು ನಿಮಿಷ.

"ಕಾಕಾ, ರಾತ್ರಿ ಮೂರು ಗಂಟೆ. ನರಪಿಳ್ಳೆ ಇಲ್ಲ. 60 ಮೀಟರಿಗೆ ಇಷ್ಟೆಲ್ಲ ಬೇಕೇ?" ಎಂದು ಒಮ್ಮೆ ಕೇಳಿದೆ.

"ಬೇಟಾ, ರಸ್ತೆ ರಾತ್ರಿಯೂ ರಸ್ತೆಯೇ" ಎಂದರು.

ಡಿಸೆಂಬರ್ ಬಂತು. ಜನವರಿಯಲ್ಲಿ ಫೀಸಿನ ಎರಡನೇ ಕಂತು ಕಟ್ಟಬೇಕಿತ್ತು. ಅಪ್ಪ ದಾವಣಗೆರೆಯಲ್ಲಿ ಲಾರಿ ಡ್ರೈವರ್. ಮೆಕ್ಕೆಜೋಳ ತುಂಬಿಕೊಂಡು ನಾಮಕ್ಕಲ್ಲಿನ ಕೋಳಿ ಆಹಾರದ ಗಿರಣಿಗಳಿಗೆ ಹೋಗಿಬರುತ್ತಿದ್ದವರು. ಆ ವರ್ಷ ಕಣ್ಣಿಗೆ ಪೊರೆ ಬಂದು ಮನೆಯಲ್ಲಿದ್ದರು. ಬ್ಯಾಂಕಿನ ಸಾಲ ಬಿಟ್ಟರೆ ಬೇರೆ ಬೇರಿರಲಿಲ್ಲ. ಆಗ ನನ್ನ ಸಹಪಾಠಿಯೊಬ್ಬ ಒಂದು ದಾರಿ ತಂದ. ಇನ್ನೊಂದು ಗೋದಾಮಿನಲ್ಲಿ ಪರಿಚಯದವರೊಬ್ಬರಿದ್ದಾರೆ. ಅಲ್ಲೇ ನೆಲೆಸಿದವರು, ಅವರಿಗೆ ಗಂಟೆಗಳ ಮಿತಿಯಿಲ್ಲ. ಗೇಟಿನಲ್ಲಿ ಉಜ್ಜುವ ತಮ್ಮ ಕಾರ್ಡನ್ನು ವಾರದಲ್ಲಿ ಮೂರು ರಾತ್ರಿ ಕೊಡುತ್ತಾರೆ. ಅವರ ಹೆಸರಿನಲ್ಲಿ ದುಡಿದರೆ ಸಂಬಳ ಅವರ ಖಾತೆಗೆ. ನಾಲ್ಕನೇ ಒಂದು ಪಾಲು ಅವರು ಇಟ್ಟುಕೊಂಡು ಉಳಿದದ್ದು ಕೈಗೆ. "ಕಾಲೇಜಿನಲ್ಲಿ ಒಬ್ಬರಿಗೊಬ್ಬರು ಪ್ರಾಕ್ಸಿ ಹೇಳ್ತಿರಲಿಲ್ವಾ? ಅಷ್ಟೇ ಕಣೋ" ಎಂದ. ಹೌದು, ಹೇಳುತ್ತಿದ್ದೆವು. ನಾನೇ ಎಷ್ಟೋ ಸಲ ಬೇರೆಯವರ ನಂಬರಿಗೆ 'ಎಸ್ ಸರ್' ಎಂದವನು. ಸೋಮವಾರದೊಳಗೆ ಹೇಳುತ್ತೇನೆಂದೆ. ಮನಸ್ಸು ಒಳಗೊಳಗೇ ಒಪ್ಪಿಬಿಟ್ಟಿತ್ತು.

ಆ ವಾರದ ಶುಕ್ರವಾರ ರಾತ್ರಿಯ ಮಾತು. ನಾನು ಪಾಳಿಗೆ ತುಸು ಮೊದಲೇ ಹೋಗಿದ್ದೆ. ಪೋಲೆಂಡಿನ ಡ್ರೈವರ್ ಒಬ್ಬ ಒಂಬತ್ತೂಮುಕ್ಕಾಲಿಗೆ ಸರಕು ಇಳಿಸಿ ಮುಗಿಸಿದ್ದ. ಒಳಗೇ ತಂಗಲು ಅನುಮತಿ ಇತ್ತು. ಎಲ್ಲಿ ನಿಲ್ಲಿಸಲಿ ಎಂದು ಕೇಳಿದಾಗ ನಾನೇ ಕಿಟಕಿಯಿಂದ ಕೈ ತೋರಿಸಿದೆ. ಹತ್ತು ಗಂಟೆಗೆ ಸರಿಯಾಗಿ ಅವನ ವಿಶ್ರಾಂತಿ ಶುರು. ಅಂದು ಅವನದು 9 ಗಂಟೆಯ ರಾತ್ರಿ. ಬೆಳಿಗ್ಗೆ 7ಕ್ಕೆ ಹೊರಟು ಡೋವರಿನಲ್ಲಿ ಹಡಗು ಹಿಡಿಯಬೇಕು. ಕ್ಯಾಬಿನ್ನಿನ ಪರದೆ ಎಳೆದುಕೊಂಡ. ದೀಪ ಆರಿತು.

ಮೂರು ಗಂಟೆ ಸುಮಾರಿಗೆ ಶೀತಲ ಸರಕಿನ ಲಾರಿಯೊಂದು ಬಂತು. ಅದು ತಿರುಗಿ ಕಟ್ಟೆಗೆ ಹಿಂದೆ ಬರಬೇಕಾದರೆ ಪೋಲೆಂಡಿನವನು ನಿಂತಿದ್ದ ಜಾಗವೇ ಬೇಕು. ಆಗ ಗೊತ್ತಾಯಿತು, ನಾನು ತೋರಿಸಿದ್ದು ತಪ್ಪು ಸಾಲು. ಮೇಲ್ವಿಚಾರಕರಿಗೆ ಫೋನು ಮಾಡಿದೆ. "ಏನು ಮಹಾ, ಎಬ್ಬಿಸು. 20 ಮೀಟರ್ ಮುಂದೆ ಹೋಗಿ ಮತ್ತೆ ಮಲಗಲಿ" ಎಂದು ಇಟ್ಟುಬಿಟ್ಟರು.

ಮಂಜು ಬಿದ್ದ ಯಾರ್ಡು ದಾಟಿ ಹೋಗಿ ಬಾಗಿಲು ತಟ್ಟಲು ಕೈ ಎತ್ತಿದೆ. ಹಿಂದಿನಿಂದ ಯಾರೋ ಮಣಿಕಟ್ಟು ಹಿಡಿದರು. ಕಾಕಾ.

"ಎಷ್ಟು ಗಂಟೆ ಆಯಿತು ಅವನು ಮಲಗಿ?"

"ಐದು."

"ಈಗ ಚಕ್ರ ಒಂದು ಸುತ್ತು ಉರುಳಿದರೆ ಆ ಐದೂ ಹೋಯಿತು. ಮತ್ತೆ ಒಂದರಿಂದ ಎಣಿಸಬೇಕು. 20 ಮೀಟರ್ ಆಗಲಿ, 20 ಮೈಲಿ ಆಗಲಿ, ನಿದ್ದೆಗೆ ಎರಡೂ ಒಂದೇ."

"ಕಾರ್ಡು ತೆಗೆದು ಸರಿಸಲಿ. ಬೇಕಾದರೆ ನೀವೇ ಸರಿಸಿ. ಯಾರ್ಡಿನ ಒಳಗಲ್ಲವೇ? ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ" ಎಂದೆ. ನಿಯಮ ಕಲಿತ ಹೊಸ ಜಾಣತನ.

"ನಾನು ಓಡಿಸುವಾಗ ಅವನು ಒಳಗೆ ಮಲಗಿರಲಾಗದು. ಲಾರಿ ನಿಂತಿದ್ದರೆ ತಾನೇ ಅದು ಹಾಸಿಗೆ? ಅವನನ್ನು ಇಳಿಸಿ ಚಳಿಯಲ್ಲಿ ನಿಲ್ಲಿಸಿದರೆ ಕಾಗದದ ಮೇಲೆ ವಿಶ್ರಾಂತಿ ಉಳಿಯುತ್ತೆ, ನಿದ್ದೆ ಉಳಿಯುತ್ತಾ? ಬೆಂಕಿ ಬಿದ್ದರೆ ಎಬ್ಬಿಸು, ಪೊಲೀಸರು ಹೇಳಿದರೆ ಎಬ್ಬಿಸು. ಅಂಥ ಹೊತ್ತಿಗೆ ಕೈಬರಹದ ಟಿಪ್ಪಣಿ ಸಾಕು. ನೀನು ತಪ್ಪು ಸಾಲು ತೋರಿಸಿದ್ದು ಬೆಂಕಿಯಲ್ಲ, ಬೇಟಾ."

ಅಷ್ಟು ಹೇಳಿ ತಮ್ಮ ಗಿಡ್ಡ ಗಾಡಿ ಹತ್ತಿದರು. ಮಲಗಿದ್ದ ಆ ಒಂದು ಲಾರಿಯನ್ನು ಮುಟ್ಟದೆ, ಅದರ ಎದುರು ಸಾಲಿನಲ್ಲಿದ್ದ ಆರು ಟ್ರೈಲರುಗಳನ್ನು ಒಂದೊಂದಾಗಿ ಎಳೆದು ಬೇರೆ ಕಡೆ ಇಟ್ಟರು. ಒಂದೊಂದಕ್ಕೂ ಗಾಳಿಯ ಪೈಪು ಜೋಡಿಸಬೇಕು, ಕಾಲು ಮೇಲೆತ್ತಬೇಕು, ಎಳೆಯಬೇಕು, ಕಾಲು ಇಳಿಸಬೇಕು, ಪೈಪು ಬಿಚ್ಚಬೇಕು. ನಾನು ಟಾರ್ಚು ಹಿಡಿದುಕೊಂಡು ಹಿಂದೆ ಓಡಾಡಿದೆ. ಬೆರಳು ಮರಗಟ್ಟಿತ್ತು. ಶೀತಲ ಲಾರಿಯವನು ಗೊಣಗುತ್ತಿದ್ದ. ಒಂದು ಗಂಟೆ ಹತ್ತು ನಿಮಿಷ ಬೇಕಾಯಿತು. ಆ ಕಡೆಯಿಂದ ತಿರುಗಲು ಜಾಗವಾಗಿ ಅವನ ಲಾರಿ ಕಟ್ಟೆ ಸೇರಿತು. ಬೆಳಿಗ್ಗೆ ಮೇಲ್ವಿಚಾರಕರು ತಡವಾದದ್ದಕ್ಕೆ ಕಾಕಾಗೆ ನಾಲ್ಕು ಮಾತು ಅಂದರು. ಕಾಕಾ ಚಹಾ ಹೀರುತ್ತಾ ಕೇಳಿಸಿಕೊಂಡರು.

ಏಳು ಗಂಟೆಗೆ ಪರದೆ ಸರಿಯಿತು. ಪೋಲೆಂಡಿನವನು ಬಾಟಲಿ ನೀರಿನಲ್ಲಿ ಮುಖ ತೊಳೆದು, ಹಲ್ಲುಜ್ಜಿ, ಗೇಟಿನ ಬಳಿ ಬಂದ. ಕಿಟಕಿ ಇಳಿಸಿ, "ರಾತ್ರಿ ಗಲಾಟೆ ಇತ್ತೇ?" ಎಂದು ಕೇಳಿದ. "ಏನಿಲ್ಲ, ಎಲ್ಲ ಶಾಂತ" ಎಂದೆ. ಕೈ ಬೀಸಿ ಹೋದ. ಅವನ ಕಾರ್ಡಿನಲ್ಲಿ ಆ ರಾತ್ರಿ ಏನಿದ್ದೀತು? ಹತ್ತರಿಂದ ಏಳರವರೆಗೆ ಮಂಚದ ಒಂದೇ ಗುರುತು. ಕಾಕಾ ಎಳೆದ ಆರು ಟ್ರೈಲರುಗಳ ಸುದ್ದಿ ಯಾವ ಯಂತ್ರದಲ್ಲೂ ಇಲ್ಲ.

ಭಾನುವಾರ ಅಪ್ಪನಿಗೆ ಫೋನು ಮಾಡಿದಾಗ ಇದನ್ನೆಲ್ಲ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅಲ್ಲಲೇ, ಅಲ್ಲಿ ಡ್ರೈವರ್ ನಿದ್ದೀನೂ ಸರ್ಕಾರದೋರು ಬರ್ಕಳ್ತಾರೇನು?"

"ಹೌದಪ್ಪ. ನಾವು ಸುಳ್ಳು ಬರೆಯೋ ಹಾಗಿಲ್ಲ."

"ನಾವು ನಿದ್ದಿ ಬಂತು ಅಂದ್ರೆ ಸಾವ್ಕಾರ್ರು ಬೈತಿದ್ರು. ಕ್ಲೀನರ್ ಹುಡುಗ ಮುಖಕ್ಕೆ ನೀರು ಎರಚ್ತಿದ್ದ. ಎರಡ್ ರಾತ್ರಿ ಕಣ್ಣು ಮುಚ್ಚಿದ್ದಿಲ್ಲ ಒಂದೊಂದ್ ಸಲ. ಲೋಡು ಹೊತ್ತಿಗೆ ಮುಟ್ಟಿತು ಅಂತ ಬರ್ಕಂಡಾರ, ಯಾರೂ ನಾನು ಹೆಂಗ್ ಬಂದೆ ಅಂತ ಬರ್ದಿಲ್ಲ ಬಿಡು."

ನಮ್ಮಲ್ಲೂ ಕಾನೂನಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತಿತ್ತು. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು ಕೊಡಬೇಕೆನ್ನುತ್ತಿತ್ತು. ಮೂವತ್ತು ವರ್ಷ ಲಾರಿ ಓಡಿಸಿದ ಅಪ್ಪ ಅದರ ಹೆಸರನ್ನೇ ಕೇಳಿರಲಿಲ್ಲ. ಕಾನೂನು ಇತ್ತು, ಅವರ ಮೈ ದಣಿದದ್ದನ್ನು ನಿಜವಾಗಿ ಬರೆದಿಡುವ ಕಾಗದ ಇರಲಿಲ್ಲ.

ಅಂದು ರಾತ್ರಿ ನನಗೆ ಒಂದು ವಿಷಯ ಹೊಳೆಯಿತು. ಅದುವರೆಗೆ ನಾನು ಆ ಬಿಳಿ ಕಾರ್ಡನ್ನು ಪೊಲೀಸರ ಲಾಠಿಯೆಂದೇ ತಿಳಿದಿದ್ದೆ. ಹೌದು, ತಪ್ಪು ಮಾಡಿದವನನ್ನು ಅದು ಹಿಡಿದುಕೊಡುತ್ತದೆ. ಆದರೆ 'ಇನ್ನು ಸಾಕು, ಎಬ್ಬಿಸಬೇಡಿ' ಎಂದು ಮಲಗಿದ ಮನುಷ್ಯನ ಪರವಾಗಿ ಸಾಕ್ಷಿ ಹೇಳುವುದೂ ಅದೇ. ಆ ಸಾಕ್ಷಿಗೆ ಬೆಲೆ ಇರಬೇಕಾದರೆ ಅದರಲ್ಲಿರುವುದು ನಿಜವಾಗಿರಬೇಕು. ಇನ್ನೊಬ್ಬರ ಕಾರ್ಡಿನಲ್ಲಿ ಮೂರು ರಾತ್ರಿ ದುಡಿದರೆ ಆ ಮೂರು ರಾತ್ರಿ ನಾನು ಎಲ್ಲಿದ್ದೆ? ದಾಖಲೆಯ ಪ್ರಕಾರ ಹಾಸಿಗೆಯಲ್ಲಿ. ನನ್ನ ದಣಿವಿಗೆ ಸಾಕ್ಷಿಯೇ ಇಲ್ಲದಂತೆ ನಾನೇ ಮಾಡಿಕೊಳ್ಳುತ್ತಿದ್ದೆ. ಅಪ್ಪನಿಗೆ ಬೇರೆಯವರು ಮಾಡಿದ್ದನ್ನು ನನಗೆ ನಾನೇ ಮಾಡಿಕೊಳ್ಳಲು ಸಾಲಮಾಡಿ ಅಷ್ಟು ದೂರ ಹೋಗಬೇಕಿತ್ತೇ?

ಸೋಮವಾರ ಬೇಡವೆಂದೆ. ಸಹಪಾಠಿ ನಕ್ಕು, ತಾನೇ ಹೋದ. ನಾನು ವಿಶ್ವವಿದ್ಯಾಲಯದ ಹಣಕಾಸಿನ ಕಚೇರಿಗೆ ಹೋಗಿ, ಅಪ್ಪನ ಕಣ್ಣಿನ ವಿಚಾರ ಹೇಳಿ, ಕಂತನ್ನು ಮೂರಾಗಿ ಒಡೆಯಲು ಬರೆದುಕೊಟ್ಟೆ. ಒಪ್ಪಿದರು. ಇಷ್ಟನ್ನು ಕೇಳಬಹುದೆಂದೇ ನಮ್ಮಲ್ಲಿ ಬಹಳ ಹುಡುಗರಿಗೆ ಹೊಳೆಯುವುದಿಲ್ಲ. ಆ ಚಳಿಗಾಲ ಅನ್ನ, ಮೊಸರು, ಉಪ್ಪಿನಕಾಯಿಯಲ್ಲಿ ಕಳೆಯಿತು. ಕ್ರಿಸ್‌ಮಸ್ಸಿಗೆ ಯಾವ ಊರೂ ನೋಡಲಿಲ್ಲ. ಅದನ್ನು ದೊಡ್ಡ ತ್ಯಾಗವೆಂದು ಹೇಳುತ್ತಿಲ್ಲ, ಕಷ್ಟವಂತೂ ಆಯಿತು.

ಸಹಪಾಠಿಯನ್ನು ಯಾರೂ ಹಿಡಿಯಲಿಲ್ಲ. ಹಿಡಿದರು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು, ಆದರೆ ಅದು ಸುಳ್ಳಾಗುತ್ತದೆ. ನಡೆದದ್ದು ಬೇರೆ. ಫೆಬ್ರವರಿಯ ಒಂದು ರಾತ್ರಿ ಸರಕಿನ ಕೈಗಾಡಿ ಅವನ ಪಾದದ ಮೇಲೆ ಹತ್ತಿತು. ಎರಡು ಮೂಳೆ ಮುರಿದವು. ಗೋದಾಮಿನ ಪುಸ್ತಕದಲ್ಲಿ ಬರೆಯಲು ಹೋದರೆ ಅಂದು ಅಲ್ಲಿ ಇದ್ದವನು ಅವನಲ್ಲ, ಕಾರ್ಡಿನ ಯಜಮಾನ. ಕಾರ್ಡಿನ ಯಜಮಾನನ ಪಾದ ನೆಟ್ಟಗಿತ್ತು! ಗೆಳೆಯರು ಹೆಗಲು ಕೊಟ್ಟು ಹಿಂದಿನ ಬಾಗಿಲಿನಿಂದ ಕರೆತಂದರು. ಆಸ್ಪತ್ರೆಯಲ್ಲಿ ಮನೆಯ ಮೆಟ್ಟಿಲು ಜಾರಿದೆನೆಂದ. ಆರು ವಾರ ಪಟ್ಟಿ. ಪರಿಹಾರವಿಲ್ಲ, ಪಾಲಿನ ಹಣವೂ ಪೂರ್ತಿ ಬರಲಿಲ್ಲ, ಕೇಳಲು ಬಾಯಿಯೂ ಇಲ್ಲ. ನಾನು ಅವನಿಗೆ ಸಾರು ಒಯ್ದು ಕೊಡುತ್ತಿದ್ದೆ. ಒಂದು ದಿನ, "ನೋವು ನನ್ನದು ಅಂತ ಹೇಳೋಕೂ ಆಗ್ಲಿಲ್ಲ ಕಣೋ" ಎಂದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ ನಮ್ಮ ಹಿರಿಯರು. ಅಂದು ಅವನು ಕಳೆದುಕೊಂಡದ್ದಕ್ಕೆ ಮಾನ ಎಂಬ ಹೆಸರೂ ಸಾಲದು. ತಾನು ಅಲ್ಲಿದ್ದೆ ಎಂದು ಹೇಳುವ ಹಕ್ಕನ್ನೇ ಕಳೆದುಕೊಂಡಿದ್ದ.

ಟ್ಯಾಕೋಗ್ರಾಫ್ ಈಗ ಇನ್ನೂ ಜಾಣವಾಗಿದೆ. 2019ರಿಂದ ಬಂದ ಹೊಸ ಯಂತ್ರಗಳು ಉಪಗ್ರಹದ ನೆರವಿನಿಂದ ಲಾರಿ ಎಲ್ಲಿತ್ತೆಂದೂ ಬರೆದಿಡುತ್ತವೆ. ರಸ್ತೆ ಬದಿಯಲ್ಲಿ ನಿಂತ ಅಧಿಕಾರಿ ಲಾರಿ ನಿಲ್ಲಿಸದೆಯೇ ಕೆಲವು ವಿವರ ಓದಬಲ್ಲ. ಆದರೂ ಯಾರ್ಡಿನೊಳಗಿನ 20 ಮೀಟರು ಇಂದಿಗೂ ಮನುಷ್ಯನ ಕೈಯಲ್ಲೇ ಇದೆ. ಕಾರ್ಡು ತೆಗೆದೆಯಾ ಎಂದು ಕೇಳುವವನು ಬೇಕು, ಸರಿಸಿದೆ ಎಂದು ಪುಸ್ತಕದಲ್ಲಿ ಬರೆಯುವವನು ಬೇಕು, ಬಾಗಿಲು ತಟ್ಟಲು ಹೋದ ಕೈ ಹಿಡಿಯುವವನು ಬೇಕು.

ಇಷ್ಟು ಹೇಳಿ ಮುಗಿಸಿದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಹುಡುಗನ ತಂದೆ ಏನೂ ಹೇಳಲಿಲ್ಲ. ತಾಯಿ ಮಾತ್ರ, "ಹಂಗಾದ್ರೆ 20 ಗಂಟೆ ಸಾಕು ಬಿಡಪ್ಪ. ಉಳಿದದ್ದಕ್ಕೆ ನಾವಿದ್ದೀವಿ" ಎಂದರು. ಸಾಲದ ಕಂತು ಆ ಮಾತಿನಿಂದ ಕಡಿಮೆಯಾಗುವುದಿಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಕಂತು ಒಡೆಯಲು ಅರ್ಜಿ ಹೇಗೆ ಬರೆಯಬೇಕು, ಯಾರನ್ನು ಕಾಣಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟೆ.

ಹೊರಡುವಾಗ ಹುಡುಗ ಚಪ್ಪಲಿ ಮೆಟ್ಟುತ್ತಾ ಮೊದಲ ಬಾರಿಗೆ ಬಾಯಿ ತೆರೆದ.

"ಸರ್, ಆ ಪೋಲೆಂಡಿನ ಡ್ರೈವರಿಗೆ ಕೊನೆಗೂ ಗೊತ್ತಾಗಲಿಲ್ವಾ?"

"ಇಲ್ಲಪ್ಪ" ಎಂದೆ. "ಅವನು ಮಲಗಿದ್ದ."